ಆಂಬುಲೆನ್ಸಿನಲ್ಲಿ ನಿಂಬೆಹಣ್ಣು

ನನಗೆ ಬಸ್ಸು ಆಗಿಬರುವುದಿಲ್ಲ. ಮಲೆನಾಡಿನವರಿಗೆ ಇಷ್ಟು ಹೇಳಿದರೆ ಸಾಕು, ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟು ಆದಷ್ಟು ದೂರ ಸರಿದು ಕೂರುತ್ತಾರೆ. ನಿಟ್ಟೂರಿನಿಂದ ಹೊಸನಗರ ಮುಟ್ಟುವಷ್ಟರಲ್ಲಿ ಒಮ್ಮೆ, ಅಲ್ಲಿಂದ ತೀರ್ಥಹಳ್ಳಿ ಸೇರುವಷ್ಟರಲ್ಲಿ ಇನ್ನೊಮ್ಮೆ ಹೊಟ್ಟೆ ಖಾಲಿ ಮಾಡುತ್ತಿದ್ದ ನನ್ನನ್ನು ಆ ದಾರಿಯ ಕಂಡಕ್ಟರುಗಳೆಲ್ಲ ಬಲ್ಲರು. ನಾನು ಹತ್ತಿದ ಕೂಡಲೇ ಟಿಕೆಟ್ಟಿಗಿಂತ ಮೊದಲು ಪ್ಲಾಸ್ಟಿಕ್ ಕವರ್ ಕೊಡುತ್ತಿದ್ದರು. ನಮ್ಮದು ವಾಂತಿಯ ಮನೆತನ. ಅಜ್ಜಿಗಂತೂ ಬಸ್ಸಿನ ಹಾರನ್ ಕೇಳಿದರೇ ಸಾಕಿತ್ತು. ಸಾಗರದಿಂದ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಹಾಡು ಬರುತ್ತದೆಯೇ ಎಂದು ಕೇಳಲಿಲ್ಲ, "ಬಸ್ಸಲ್ಲಿ ಕೂರ್ತಾಳಾ?" ಎಂದು ಕೇಳಿದರು. "ಕೂರ್ತಾಳೆ" ಎಂದಳು ಅಮ್ಮ. ಕೂರುವುದೇನೋ ನಿಜವೇ.

ಇಂಥ ನಾನು ನ್ಯೂಜಿಲೆಂಡಿನ ಒಂದು ಗುಡ್ಡದೂರಿನಲ್ಲಿ ರಾತ್ರಿ ಪಾಳಿಯ ಆಂಬುಲೆನ್ಸ್ ಸ್ವಯಂಸೇವಕಿಯಾದೆ. ನಗಬೇಡಿ. ನಮ್ಮವರಿಗೆ ಇಲ್ಲಿನ ಡೇರಿಯಲ್ಲಿ ಕೆಲಸ. ಅವರಿಗೆ ದಿನವಿಡೀ ದನಗಳ ಒಡನಾಟ. ನನಗೆ ಮಾತಾಡಲು ಒಂದು ದನವೂ ಇರಲಿಲ್ಲ. ಬೇಜಾರೆಂದರೆ ಅಷ್ಟಿಷ್ಟಲ್ಲ. ಇಲ್ಲಿನ ಸಣ್ಣ ಊರುಗಳಲ್ಲಿ ಆಂಬುಲೆನ್ಸಿಗೆ ಊರಿನವರೇ ಸರದಿಯ ಮೇಲೆ ಹೋಗುತ್ತಾರೆ. ನಾಲ್ಕು ಜನರ ಪರಿಚಯವಾದೀತು ಎಂದು ನಾನೂ ಹೆಸರು ಕೊಟ್ಟೆ. ತರಬೇತಿ ನಡೆದದ್ದು ಕೋಣೆಯಲ್ಲಿ. ಕೋಣೆಗೆ ತಿರುವುಗಳಿಲ್ಲದ ಕಾರಣ ಚೆನ್ನಾಗಿಯೇ ಪಾಸಾದೆ.

ಫೋನಿನಲ್ಲಿ ಅಮ್ಮನ ಮೊದಲ ಪ್ರಶ್ನೆ, "ಸಂಬ್ಳ ಎಷ್ಟೇ?"

"ಸಂಬ್ಳ ಇಲ್ಲಮ್ಮ, ಸೇವೆ."

"ರಾತ್ರಿಯಿಡೀ ನಿದ್ದೆಗೆಟ್ಟು ಬಿಟ್ಟಿ ಕೆಲ್ಸನಾ? ಅದೂ ಗಾಡೀಲಿ? ನೀನು? ಆ ರೋಗಿ ಗತಿ ಎಂತ ಮಾರಾಯ್ತಿ!"

ತಂಡದ ಮುಖ್ಯಸ್ಥೆ ಲಿಂಡಾ. ಗಾಡಿ ಓಡಿಸುವವಳೂ ಅವಳೇ. ಮೊದಲ ರಾತ್ರಿಯೇ ಖಡಕ್ಕಾಗಿ ಹೇಳಿಬಿಟ್ಟಳು: ಇವತ್ತು ಸರಿಹೋದರೆ ನೀನು ಗಾಡಿಗೆ, ಇಲ್ಲವಾದರೆ ಸ್ಟೇಷನ್ನಿನಲ್ಲಿ ಬ್ಯಾಂಡೇಜ್ ಜೋಡಿಸುವುದಕ್ಕೆ. ದನ ಹೋಗಿ ಬ್ಯಾಂಡೇಜಿನ ಜೊತೆ ಮಾತಾಡುವ ಗತಿ ಬಂದೀತೆಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಜೇಬಿಗೊಂದು ನಿಂಬೆಹಣ್ಣು ಹಾಕಿಕೊಂಡು ಹೊರಟೆ.

ರೋಗಿ ಟಾಮ್ ಎಂಬ ಕುರಿ ಸಾಕುವ ಅಜ್ಜ. ಮರಿ ಹಾಕುವ ಕುರಿ ನೋಡಲು ಹೋಗಿ, ಜಾರಿ, ಕಾಲು ಮುರಿದುಕೊಂಡಿದ್ದ. ಲಿಂಡಾ ಕಾಲಿಗೆ ಪಟ್ಟಿ ಕಟ್ಟಿ, ನೋವಿಗೆ ಮದ್ದು ಕೊಟ್ಟು, ಎಲ್ಲ ಸರಿಮಾಡಿ ಮಲಗಿಸಿದಳು. ನನ್ನ ಕೆಲಸ ಒಂದೇ: ಅಜ್ಜ ನೋವು ಮರೆಯುವ ಹಾಗೆ ಮಾತಾಡಿಸುತ್ತಿರುವುದು. ಅಜ್ಜನಾದರೋ ಹಲ್ಲುಕಚ್ಚಿಕೊಂಡು, ನಾನು ಕೇಳಿದ್ದಕ್ಕೆಲ್ಲ "ಹೂಂ" ಎಂದಷ್ಟೇ ಹೇಳಿ ಮುಖ ತಿರುಗಿಸುತ್ತಿದ್ದ.

ಅಷ್ಟರಲ್ಲಿ ತಿರುವುಗಳು ಶುರುವಾದವು. ಬಲ್ಲವರು ಹೇಳುವುದೇನೆಂದರೆ, ಗಾಡಿಯಲ್ಲಿ ಕೂತಾಗ ಕಿವಿ 'ಹೋಗುತ್ತಿದ್ದೇವೆ' ಅನ್ನುತ್ತದಂತೆ, ಕಣ್ಣು 'ಇಲ್ಲ, ಕೂತಲ್ಲೇ ಇದ್ದೇವೆ' ಅನ್ನುತ್ತದಂತೆ. ಅವರಿಬ್ಬರ ಜಗಳದಲ್ಲಿ ಹೊಟ್ಟೆ ರಾಜೀನಾಮೆ ಕೊಡುತ್ತದೆ. ಆಂಬುಲೆನ್ಸಿನ ಹಿಂಭಾಗದಲ್ಲಿ ಹೊರಗೆ ಕಾಣುವಂಥ ಕಿಟಕಿಯೂ ಇಲ್ಲ. ಚಿಕ್ಕಂದಿನಿಂದ ನಾನು ಮನಸಾರೆ ನಂಬಿದ ದೇವರೆಂದರೆ ಕಿಟಕಿಯೊಂದೇ. ನಿಂಬೆಹಣ್ಣನ್ನು ಉಗುರಲ್ಲಿ ಗೀರಿ ಮೂಸತೊಡಗಿದೆ.

ಅಜ್ಜ ತಲೆಯೆತ್ತಿ ನೋಡಿದ. ಅವನ ಇಂಗ್ಲಿಷನ್ನು ನಮ್ಮ ಕಡೆಯ ಮಾತಿಗೆ ಇಳಿಸಿದರೆ ಹೀಗೆ: "ಎಂತಾಯ್ತೇ ತಂಗಿ? ಮುಖ ಎಲ್ಲ ಹಸ್ರಾಗಿದೆ!"

"ಏನಿಲ್ಲಜ್ಜ, ನೀವು ಮಲ್ಕಳಿ" ಎನ್ನಲು ಬಾಯಿ ತೆರೆದದ್ದೇ ತಪ್ಪಾಯಿತು. ಮಹಾರಾಯ ಪಕ್ಕದಲ್ಲಿ ನೇತುಹಾಕಿದ್ದ ವಾಂತಿ ಚೀಲವನ್ನು ಸರಕ್ಕನೆ ಎಳೆದು ನನ್ನ ಮುಖಕ್ಕೆ ಹಿಡಿದ. "ಉದ್ದಕ್ಕೆ ಉಸಿರೆಳ್ಕೋ. ಒಂದೇ ಕಡೆ ನೋಡು. ಎಂತದೂ ಸಿಗ್ಲಿಲ್ವಾ, ನನ್ ಮೂಗು ನೋಡು!" ಆಮೇಲೆ ಮುಂದಕ್ಕೆ ತಿರುಗಿ ಕೂಗಿದ, "ಲಿಂಡಾ, ನಿಧಾನ ಹೊಡಿಯೇ! ಒಳಗೆ ಪೇಶೆಂಟ್ ಇದ್ದಾರೆ!"

ತನ್ನ ಹೆಂಡತಿ ದೋಣಿಯಲ್ಲಿ ಹೀಗೇ ಮಾಡುತ್ತಿದ್ದಳು ಎಂದು ಶುರುಮಾಡಿದವನು ಆಸ್ಪತ್ರೆ ಬರುವವರೆಗೂ ಬಾಯಿ ಮುಚ್ಚಲಿಲ್ಲ. ಬಾಗಿಲು ತೆಗೆದ ನರ್ಸಿಗೆ ಕಂಡದ್ದು, ಮೊಣಕೈ ಊರಿ ಎದ್ದು ಚೀಲ ಹಿಡಿದ ಅಜ್ಜ, ಅದರೊಳಗೆ ಮುಖವಿಟ್ಟ ನಾನು. "ಇಬ್ಬರಲ್ಲಿ ಯಾರು?" ಎಂದಳು. ಅಯ್ಯೋ, ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಾರನೆಯ ಪಾಳಿಯಿಂದ ನನಗೆ ಬ್ಯಾಂಡೇಜ್.

ಬ್ಯಾಂಡೇಜ್ ಜೋಡಿಸುತ್ತಾ ದೊಡ್ಡಪ್ಪನ ನೆನಪಾಗುತ್ತಿತ್ತು. ಆಪರೇಷನ್ ಆಗಿ ಸಾಗರದ ಆಸ್ಪತ್ರೆಯಲ್ಲಿ ನರಳುತ್ತಿದ್ದವರು, ನೋಡಲು ಯಾರಾದರೂ ಬಂದರೆ ಸಾಕು, ಡ್ರಿಪ್ ಚುಚ್ಚಿದ ಕೈಯಲ್ಲೇ ದರ್ಬಾರು ಶುರುಮಾಡುತ್ತಿದ್ದರು. "ಮೂಸಂಬಿ ತಗಳ್ಳಿ. ಏ, ಫ್ಲಾಸ್ಕಲ್ಲಿ ಕಾಫಿ ಇದೆ, ಕೊಡೇ ಇವ್ರಿಗೆ. ಬಸ್ ಇನ್ನೂ ಲೇಟು, ಕೂತ್ಕಳಿ." ಬಂದವರು ಎದ್ದು ಹೋದಮೇಲೆ ನರಳಾಟ ಮುಂದುವರಿಯುತ್ತಿತ್ತು. ಎಲ್ಲರಿಂದ ಉಪಚಾರ ಮಾಡಿಸಿಕೊಂಡು ಸಾಕಾದವರಿಗೆ, ತಾವೇ ಉಪಚರಿಸಲು ಒಬ್ಬರು ಸಿಕ್ಕರೆ ಎಷ್ಟು ಹಿತವೋ! ಇದನ್ನು ಲಿಂಡಾಗೆ ವಿವರಿಸೋಣವೆಂದರೆ ಅಷ್ಟು ಇಂಗ್ಲಿಷು ನನ್ನಲ್ಲಿರಲಿಲ್ಲ.

ಕೆಲವು ವಾರಗಳ ನಂತರ ಸ್ಟೇಷನ್ನಿನ ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು. ಟಾಮಜ್ಜ! ಹೆಗಲಿಗೊಂದು ಚೀಲ, ಚೀಲದ ತುಂಬ ಅವನ ಹಿತ್ತಲಿನ ನಿಂಬೆಹಣ್ಣು.

"ಪೇಶೆಂಟ್ ನೋಡ್ಕಂಡು ಹೋಗಣ ಅಂತ ಬಂದೆ" ಎಂದ ಲಿಂಡಾಗೆ. "ಈಗ ಹೇಗಿದ್ದಾಳೆ? ಅವತ್ತು ಅವಳನ್ನ ನೋಡ್ಕಳೋ ಗಡಿಬಿಡೀಲಿ ನಂಗೆ ಕಾಲಿನ ನೆನಪೇ ಆಗ್ಲಿಲ್ಲ ನೋಡು."

ಲಿಂಡಾ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದಳು. ಬಿದ್ದುಬಿದ್ದು ನಕ್ಕಳು. ಒಂದು ನಿಂಬೆಹಣ್ಣನ್ನು ತೆಗೆದು ನನ್ನ ಮುಂದಿದ್ದ ಬ್ಯಾಂಡೇಜಿನ ರಾಶಿಯ ಮೇಲಿಟ್ಟು, "ನಾಳೆ ರಾತ್ರಿ ಗಾಡಿಗೆ ಬಾ. ಇದನ್ನ ಮರೀಬೇಡ" ಎಂದಳು.

ಕುಣಿಯಬೇಕು ಅನ್ನಿಸಿತು. ಆದರೆ ನಾನು ಏಳಲಿಲ್ಲ. ಹಣ್ಣು ಹಿಡಿದುಕೊಂಡು ನೋಡಲು ಬಂದವರ ಮುಂದೆ ರೋಗಿ ಎದ್ದು ಕುಣಿಯುವುದು ನಮ್ಮಲ್ಲಿಲ್ಲ. ಕೂತಲ್ಲಿಂದಲೇ ಕೈ ತೋರಿಸಿ, "ಬನ್ನಿ ಅಜ್ಜ, ಕೂತ್ಕಳಿ. ಟೀ ಕುಡೀದೆ ಹೋಗೋ ಹಾಗಿಲ್ಲ" ಎಂದೆ.

ಲಿಂಡಾ ನೀರು ಕಾಯಿಸಲು ಎದ್ದಳು.