ಅಜ್ಜಿ ಒರೆಸಿದ ಶಾಯಿ

ನನ್ನ ತಮ್ಮನ ಎಡಗೈ ತೋರುಬೆರಳಿನ ಉಗುರಿನ ನಡುವೆ ಒಂದು ಸೀಳಿತ್ತು. ಚಿಕ್ಕವನಿದ್ದಾಗ ನನ್ನ ವೆಲ್ಡಿಂಗ್ ಅಂಗಡಿಯಲ್ಲಿ ಗೇಟಿನ ಸಂದಿಗೆ ಸಿಕ್ಕಿ ಆದದ್ದು. ಎಷ್ಟು ಸಲ ಕತ್ತರಿಸಿದರೂ ಉಗುರು ಸೀಳಿಕೊಂಡೇ ಬೆಳೆಯುತ್ತಿತ್ತು.

ಅಪ್ಪ ಹೋದ ಮೇಲೆ ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಕಬ್ಬಿಣ ಹಿಡಿದೆ. ಯಾರ ಮುಂದೂ ಕೈ ಚಾಚದೆ ಅವನನ್ನು ಓದಿಸಿದೆ. ಅವನೋ ಮಿಲಿಟರಿ ಸೇರಬೇಕೆಂದು ದಿನಾ ಬೆಳಗ್ಗೆ ಭರಮಸಾಗರದ ಕೆರೆ ಏರಿಯ ಮೇಲೆ ಓಡುತ್ತಿದ್ದ. ಟೀ ಅಂಗಡಿಯವರು, "ಏನಪ್ಪ, ಊರಾಗೆ ಕೆಲ್ಸ ಸಿಗಲಿಲ್ವಾ?" ಎಂದು ಕೆಣಕಿದರೆ, "ಸಿಕ್ಕೈತೆ ಕಣಣ್ಣ. ನೀವು ನೆಮ್ಮದಿಯಾಗಿ ಟೀ ಕುಡಿಯಂಗೆ ನೋಡ್ಕಳ್ಳೋ ಕೆಲ್ಸ" ಎನ್ನುತ್ತಿದ್ದ.

ಯಾರೂ ಬಲವಂತ ಮಾಡಿದ್ದಲ್ಲ. ಹದಿನೇಳೂವರೆ ತುಂಬಿದ್ದೇ ತಾನಾಗಿ ಭರ್ತಿಗೆ ನಿಂತ, ಆಯ್ಕೆಯಾದ. ಹೊರಡುವಾಗ ಅವನಿಗಿದ್ದ ಬೇಸರ ಒಂದೇ. "ಬಂದೂಕ ಹಿಡಿಯೋ ವಯಸ್ಸಾತು, ಓಟಿನ ವಯಸ್ಸಾಗಲಿಲ್ಲ ನೋಡಣ್ಣ. ಮೊದಲ್ನೇ ಓಟು ಮಾತ್ರ ನಮ್ಮೂರ ಶಾಲ್ಯಾಗೇ ಹಾಕ್ತೀನಿ."

ಅವನಿಗೆ ಹದಿನೆಂಟು ತುಂಬಿದ ಮೇಲೆ ಚುನಾವಣೆ ಬಂತು, ಹೆಂಗೋ ರಜೆಯೂ ಸಿಕ್ಕಿತು. ಇಸ್ತ್ರಿ ಅಂಗಿ ಹಾಕಿಕೊಂಡು ನನಗಿಂತ ಮುಂದೆ ಸಾಲಿನಲ್ಲಿ ನಿಂತ. ಒಳಗಿದ್ದ ಅಧಿಕಾರಿ ಮೆಲ್ಲಗೆ ಹೇಳಿದರು: "ನಿಮ್ಮ ಹೆಸರು ಸೈನಿಕರ ಪಟ್ಟಿಗೆ ಹೋಗೈತೆ. ಓಟಿನ ಕಾಗದ ನಿಮ್ ಕ್ಯಾಂಪಿಗೇ ಬರ್ತೈತೆ. ಇಲ್ಲಿ ಹಾಕಾಕೆ ಬರಲ್ಲರಿ." ರಜೆ ಮುಗಿಸಿ ಅವನು ಕ್ಯಾಂಪು ಮುಟ್ಟುವಷ್ಟರಲ್ಲಿ ಎಣಿಕೆಯೇ ಮುಗಿದಿರುತ್ತಿತ್ತು. ನಾನು ಜಗಳಕ್ಕೆ ನಿಂತೆ. ಅವನೇ ತೋಳು ಹಿಡಿದ. "ಬಿಡಣ್ಣ, ರೂಲು ರೂಲೇ. ಹೋಗಾಣ."

ಮನೆಗೆ ಬರಲಿಲ್ಲ. ನನ್ನ ಬೈಕು ಇಸಿದುಕೊಂಡು, ನಡೆಯಲಾಗದವರನ್ನೆಲ್ಲ ಸಂಜೆಯವರೆಗೆ ಶಾಲೆಗೆ ಕರೆತಂದ. ಕೊನೆಗೆ ತಂದದ್ದು ಎದುರುಮನೆ ಅಜ್ಜಿಯನ್ನು. ಅವನಿಗೆ ಓಟು ತಪ್ಪಿದ್ದು ಅಜ್ಜಿಗೆ ತಿಳಿದಿತ್ತು. ಹೊರಗೆ ಬಂದವಳೇ ಅವನ ಕೈ ಎಳೆದುಕೊಂಡು, ಇನ್ನೂ ಆರದ ತನ್ನ ಶಾಯಿಯನ್ನು ಅವನ ಸೀಳುಗುರಿನ ಬುಡಕ್ಕೆ ಒರೆಸಿದಳು.

"ತಗ, ನಿಂದೂ ಆತು. ನನ್ನ ಓಟ್ನಾಗೆ ಅರ್ಧ ನಿಂದೇ ಕಣಲೇ."

"ಹಂಗಾದ್ರೆ ಯಾರಿಗೆ ಹಾಕ್ದೆ ಹೇಳಜ್ಜಿ."

"ಅದು ಗುಟ್ಟು. ಗಾಡಿ ತೆಗಿಯಲೇ!"

ರಜೆ ಮುಗಿಯುವ ತನಕ ಆ ಬೆರಳನ್ನು ಊರಿಗೆಲ್ಲ ತೋರಿಸಿಕೊಂಡು ತಿರುಗಿದ.

ಅವನು ಹೋಗಿ ಎರಡು ತಿಂಗಳಾಗಿರಬೇಕು, ಬೆಟ್ಟದ ದಾರಿಯಲ್ಲಿ ಅವರ ಲಾರಿ ಉರುಳಿತು. ಪೆಟ್ಟಿಗೆ ತೆರೆದಾಗ ಮುಖ ನೋಡಲು ನನ್ನಿಂದಾಗಲಿಲ್ಲ. ಕೈ ಹಿಡಿದೆ. ಶಾಯಿ ಹೋಗಿರಲಿಲ್ಲ. ಉಗುರು ಬೆಳೆದಂತೆ ಅದೂ ಮೇಲೇರಿ, ಸೀಳಿನ ನಡುವಿಗೆ ಬಂದು ನಿಂತಿತ್ತು.

ಮುಂದಿನ ಚುನಾವಣೆಗೆ ಅಜ್ಜಿಯನ್ನು ನಾನೇ ಬೈಕಿನಲ್ಲಿ ಕರೆದೊಯ್ದೆ. ಓಟು ಹಾಕಿ ಬಂದವಳು ಹಸಿ ಶಾಯಿಯ ಬೆರಳನ್ನು ಎತ್ತಿ ಹಿಡಿದುಕೊಂಡೇ ಶಾಲೆಯ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ನಾನು ಕೈ ಚಾಚಿದೆ. ನನ್ನ ಬೆರಳಿಗೆ ಆಗಲೇ ಶಾಯಿ ಬಿದ್ದಿತ್ತು. ಅಜ್ಜಿ ತನ್ನದು ಆರುವ ತನಕ ಹಾಗೇ ನಿಂತಿದ್ದಳು.