ಅಳತೆಯನ್ನು ತಿರುಗಿ ಹೇಳುವವರು

ಎತ್ತರದ ಸರಕು ಹೊತ್ತ ಟ್ರೇಲರ್ ರಸ್ತೆಗಿಳಿಯುವ ಮೊದಲು ಆ ದಾರಿಯಲ್ಲಿ ಒಬ್ಬ ಮನುಷ್ಯ ಹೋಗಿಬಂದಿರಬೇಕು. ಯಾವ ಸೇತುವೆ ತಗ್ಗು, ಯಾವ ತಂತಿ ಜೋತುಬಿದ್ದಿದೆ, ಎಲ್ಲಿ ಬಳಸಿ ಹೋಗಬೇಕು ಎಂದು ನೋಡಿ ದಾರಿ ಗೊತ್ತುಮಾಡುವುದು ಅವನ ಕೆಲಸ. ಅಂಥವರಲ್ಲಿ ಇವನೊಬ್ಬ; ಜೀಪಿನ ಮೇಲೆ ಸದಾ ಒಂದು ಅಳತೆಕೋಲು ಕಟ್ಟಿರುತ್ತಿದ್ದುದರಿಂದ ಡ್ರೈವರುಗಳೆಲ್ಲ ಇವನನ್ನು ಕೋಲಣ್ಣ ಎನ್ನುತ್ತಿದ್ದರು. ಟ್ರೇಲರಿಗಿಂತ ಸದಾ ಒಂದೆರಡು ಕಿಲೋಮೀಟರ್ ಮುಂದಿರಬೇಕು. ಹಾಗಾಗಿ ಅವರಿಗೆ ಇವನೊಂದು ದನಿ, ಇವನಿಗೆ ಅವರೊಂದು ದನಿ. ಇಪ್ಪತ್ತಾರು ವರ್ಷ ಫೋನಿನಲ್ಲೇ ಸ್ನೇಹ, ಫೋನಿನಲ್ಲೇ ಜಗಳ. ಎದುರಿಗೆ ಬಂದರೆ ಒಬ್ಬರ ಮುಖವೂ ಗುರುತು ಹತ್ತುವುದಿಲ್ಲ.

ಹಾಗೆಂದು ಅವನು ಮೊದಲಿನಿಂದಲೂ ಒಂಟಿಯಲ್ಲ. ಪಕ್ಕದ ಸೀಟಿನಲ್ಲಿ ಹೆಂಡತಿ ಅಳತೆಯ ಪುಸ್ತಕ ಹಿಡಿದು ಕೂರುತ್ತಿದ್ದಳು. ಸೇತುವೆ ಅಳೆಯುವುದಕ್ಕೆ ಇಬ್ಬರು ಬೇಕು. ಒಬ್ಬರು ಕೋಲನ್ನು ತೊಲೆಗೆ ತಾಗುವವರೆಗೆ ಉದ್ದ ಮಾಡಿ ಹಿಡಿಯಬೇಕು, ಇನ್ನೊಬ್ಬರು ದೂರ ನಿಂತು ಅದು ವಾಲಿದೆಯೇ ನೋಡಬೇಕು. ಅವನು ಅಳತೆ ಕೂಗಿದರೆ ಅವಳು ಅದನ್ನು ತಿರುಗಿ ಕೂಗಿ, ಆಮೇಲೇ ಬರೆಯುತ್ತಿದ್ದಳು. ಅದು ಅವಳೇ ಮಾಡಿದ ಕಾನೂನು. "ನನ್ನ ಬಾಯಿಂದ್ಲೂ ಒಂದ್ಸಲ ಬರ್ಲಿ. ಆಮೇಲೆ ತಪ್ಪಾದ್ರೆ ಇಬ್ರದ್ದೂ ತಪ್ಪು," ಎನ್ನುತ್ತಿದ್ದಳು. ಗಂಡನ ಕಣ್ಣಿನ ಮೇಲೆ ಅಷ್ಟೊಂದು ನಂಬಿಕೆ!

ಅವಳು ತೀರಿಹೋಗಿ ನಾಲ್ಕು ವರ್ಷವಾಯಿತು. ಈಗ ಅವನು ದಾರಿಹೋಕರನ್ನೋ ಅಂಗಡಿಯವರನ್ನೋ ಕಾಡಿ ಬೇಡಿ ನಿಲ್ಲಿಸಿಕೊಳ್ಳುತ್ತಾನೆ. ಹಳೆಯ ಅಂಕಿ ಹೊಡೆದು ಹೊಸದನ್ನು ತಾನೇ ಬರೆಯುತ್ತಾನೆ. ಯಾರೂ ತಿರುಗಿ ಹೇಳುವುದಿಲ್ಲ. ರೈಲು ಸೇತುವೆಯೊಂದನ್ನು ಮಾತ್ರ ಅವನು ಮುಟ್ಟಿಲ್ಲ. ಅದು ಅವಳು ಬರೆದ ಕೊನೆಯ ಅಳತೆ: ನಾಲ್ಕು ಮೀಟರ್ ತೊಂಬತ್ತೆಂಟು. ಅಳೆದರೆ ತಾನೇ ಹೊಡೆದುಹಾಕುವ ಮಾತು? ಅಳೆಯಲೇ ಇಲ್ಲ. ಟ್ರೇಲರುಗಳನ್ನೆಲ್ಲ ಮೂವತ್ತು ಕಿಲೋಮೀಟರ್ ಬಳಸಿ ಕಳಿಸಿದ. ಆಫೀಸಿನವರು ಗೊಣಗಿದರೆ, "ಹಳೇ ಸೇತುವೆ, ಯಾಕ್ ಸುಮ್ನೆ," ಎಂದು ಹಾರಿಕೆಯ ಉತ್ತರ ಕೊಟ್ಟ. ಹುಚ್ಚು ಎನ್ನಿ, ಹಟ ಎನ್ನಿ. ನನಗೂ ಅದು ಸರಿಯೆನಿಸುವುದಿಲ್ಲ, ಆದರೆ ಬೈಯಲು ಬಾಯಿಯೂ ಬರುವುದಿಲ್ಲ.

ಒಂದು ದಿನ ಹಾಲಿನ ಕಾರ್ಖಾನೆಯ ದೊಡ್ಡ ಟ್ಯಾಂಕು ಹೊತ್ತ ಟ್ರೇಲರ್ ಬರುತ್ತಿತ್ತು. ಬಳಸುದಾರಿಯಲ್ಲಿದ್ದ ಮೋರಿ ಬೆಳಿಗ್ಗೆ ಕುಸಿದು ಆ ರಸ್ತೆ ಬಂದ್ ಆಯಿತು. ಟ್ರೇಲರ್ ಹಿಂದಕ್ಕೆ ತಿರುಗುವ ಹಾಗಿಲ್ಲ. ಉಳಿದದ್ದು ರೈಲು ಸೇತುವೆಯೊಂದೇ. ಅವನು ಸೇತುವೆಯ ಕೆಳಗೆ ಜೀಪು ನಿಲ್ಲಿಸಿ ಇಳಿದ. ಒಂದು ನರಪಿಳ್ಳೆಯೂ ಇಲ್ಲ. ಫೋನು ಬಡಿದುಕೊಂಡಿತು.

"ಅಣ್ಣಾ, ಹಿಂದೆ ಗಾಡಿಗಳು ಸಾಲುಗಟ್ಟಿ ನಿಂತ್ಬಿಟ್ಟಿವೆ, ಬಾಯಿಗೆ ಬಂದಂಗೆ ಬೈತಿದಾರೆ. ಬುಕ್ಕಲ್ಲಿ ಎಷ್ಟಿದೆ?" ಟ್ರೇಲರಿನ ಡ್ರೈವರ್; ಹನ್ನೊಂದು ವರ್ಷದಿಂದ ಕೇಳುತ್ತ ಬಂದ ಸಣ್ಣ ದನಿ.

"ನಾಲ್ಕು ತೊಂಬತ್ತೆಂಟು."

"ನಂದು ನಾಲ್ಕು ತೊಂಬತ್ತು. ನಾಲ್ಕು ಬೆರಳು ಜಾಗ ಇದೆಯಲ್ಲ! ನೀವು ಬಾ ಅಂದ್ರೆ ಕಣ್ಮುಚ್ಕೊಂಡು ಬರ್ತೀನಿ."

ಅವನಿಗೂ ಬಾ ಎನ್ನುವ ಆಸೆ. ಟ್ರೇಲರ್ ಸಲೀಸಾಗಿ ದಾಟಿಬಿಟ್ಟರೆ ಅವಳ ಅಂಕಿ ಹಾಗೇ ಉಳಿಯುತ್ತದೆ. "ಒಂದ್ನಿಮಿಷ ತಡಿ," ಎಂದು ಗೋಡೆಯ ಬುಡದ ಕಲ್ಲಿನ ಮೇಲೆ ಕೂತ. ನಾಲ್ಕು ವರ್ಷದ ಹಿಂದೆ ಅಳತೆ ಮುಗಿಸಿ ಇಬ್ಬರೂ ಊಟದ ಡಬ್ಬಿ ಬಿಚ್ಚಿದ್ದು ಇಲ್ಲೇ. ಕಲ್ಲು ಎತ್ತರವಾಗಿ ಅವಳ ಹಿಮ್ಮಡಿ ನೆಲಕ್ಕೆ ಎಟುಕಿರಲಿಲ್ಲ. ಮಕ್ಕಳ ಹಾಗೆ ಕಾಲು ಆಡಿಸುತ್ತಾ ಕೂತವಳನ್ನು ಅವನು ಗೇಲಿ ಮಾಡಿದ್ದ. ಈಗ ಕೂತರೆ ತನ್ನ ಮಂಡಿಯೇ ಎದೆಯತ್ತ ಎದ್ದು ಬಂತು.

ಕೆಳಗೆ ನೋಡಿದ. ಕಲ್ಲು ಕುಸಿದಿರಲಿಲ್ಲ. ನಾಲ್ಕು ವರ್ಷದಲ್ಲಿ ಡಾಂಬರಿನ ಮೇಲೆ ಡಾಂಬರು ಸುರಿದು ರಸ್ತೆಯೇ ಮೇಲೆದ್ದಿತ್ತು. ಅವನು ದಡಬಡಿಸಿ ಎದ್ದು ಫೋನಿಗೆ ಕೂಗಿದ.

"ಬರ್ಬೇಡ! ಇಂಜಿನ್ ಆಫ್ ಮಾಡು. ಗಾಡಿ ಅಲ್ಲೇ ಬಿಟ್ಟು ನಡ್ಕೊಂಡು ಬಾ."

"ನಡ್ಕೊಂಡಾ?"

"ಹೂಂನಪ್ಪಾ. ನಂಗೊಬ್ಬನಿಗೇ ಆಗಲ್ಲ."

ಇಪ್ಪತ್ತು ನಿಮಿಷದ ಮೇಲೆ ಬಾಗಿಲು ತುಂಬುವಂಥ ಆಳೊಂದು ಏದುಸಿರು ಬಿಡುತ್ತಾ ಬಂತು. ಇಷ್ಟು ದೊಡ್ಡ ದೇಹದಲ್ಲಿ ಅಷ್ಟು ಸಣ್ಣ ದನಿ ಎಲ್ಲಿ ಅಡಗಿತ್ತೋ! ಅವನು ಪುಸ್ತಕ, ಪೆನ್ನು ಡ್ರೈವರನ ಕೈಗಿತ್ತು, ದೂರ ನಿಲ್ಲಿಸಿ, ಕೋಲನ್ನು ತೊಲೆಗೆ ತಾಗಿಸಿದ.

"ನೆಟ್ಟಗಿದೆಯಾ?"

"ಒಂಚೂರು ಎಡಕ್ಕೆ... ಹಾಂ, ಈಗ ಸರಿ."

"ನಾಲ್ಕು ಎಂಬತ್ಮೂರು."

ಡ್ರೈವರ್ ಲೆಕ್ಕ ಹಾಕಿದ. ಟ್ರೇಲರಿಗಿಂತ ಏಳು ಸೆಂಟಿಮೀಟರ್ ಕಡಿಮೆ. ಬಂದಿದ್ದರೆ ಟ್ಯಾಂಕು ತೊಲೆಗೆ ಬಡಿದು ತನ್ನ ತಲೆಯ ಮೇಲೇ ಬರುತ್ತಿತ್ತು. ಪುಸ್ತಕದಲ್ಲಿ ಈ ಸೇತುವೆಯ ಪುಟ ತೆರೆದ.

"ಯಾರಣ್ಣ ಬರ್ದಿದ್ದು, ಇಷ್ಟು ಮುದ್ದಾಗಿ? ಹಳೇದನ್ನ ಹೊಡೆದುಹಾಕ್ಲಾ?"

"ನನ್ನ ಹೆಂಡ್ತಿ. ಅವಳದ್ದು ಸರಿಯಾಗೇ ಇತ್ತು." ಅವನು ಕೋಲನ್ನು ತೊಲೆಗೆ ಒತ್ತಿ ಹಿಡಿದೇ ಹೇಳಿದ. "ನಾನೇ ಅಳೀದೆ ಬಿಟ್ಟೆ. ಈ ತಪ್ಪು ನನ್ನೊಬ್ಬನದೇ. ಹೊಡೆದುಹಾಕು. ಬರೆಯೋಕೆ ಮುಂಚೆ ಮಾತ್ರ ಅಳತೆ ತಿರುಗಿ ಹೇಳು. ಜೋರಾಗಿ."

ಡ್ರೈವರನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಹೇಳಿದ.

"ನಾಲ್ಕು ಎಂಬತ್ಮೂರು!"

ಸಣ್ಣ ದನಿ ಸೇತುವೆಯ ಕೆಳಗೆಲ್ಲ ತುಂಬಿಕೊಂಡಿತು. ಕೋಲಣ್ಣನ ತೋಳು ಸೋತಿತ್ತು. ಆದರೂ ಕೋಲು ಕೆಳಗಿಳಿಸಲಿಲ್ಲ.

"ಇನ್ನೊಂದ್ಸಲ ಹೇಳು," ಎಂದ.