ಕಾವಲು ಕೂರುವ ಅಕ್ಕ

ಬೆಳಕು ಹರಿಯುವ ಹೊತ್ತಿಗೆ ಅಕ್ಕ ನಿವೃತ್ತ ಸೈನಿಕರ ಆಶ್ರಯಧಾಮದ ಉದ್ದನೆಯ ಕೋಣೆಗೆ ಬರುತ್ತಾರೆ. ಯಾರ ಮೈಯನ್ನೂ ಮುಟ್ಟುವುದಿಲ್ಲ. ಮಂಚದ ಕಾಲ ಬಳಿ ನಿಂತು ಒಬ್ಬೊಬ್ಬರನ್ನೇ ಮೆಲ್ಲಗೆ ಕರೆದು ಎಬ್ಬಿಸುತ್ತಾರೆ. "ಕೆಲಸಕ್ಕೆ ಸೇರಿದ ವಾರದಲ್ಲೇ ಒಬ್ಬರ ಭುಜ ಅಲ್ಲಾಡಿಸಿದ್ದೆ. ಕಣ್ಣು ಬಿಡೋಕೆ ಮುಂಚೆನೇ ಕೈ ಬೀಸಿದ್ರು, ನನ್ನ ಹಲ್ಲು ಅಲ್ಲಾಡ್ತು. ಆಮೇಲೆ ಪಾಪ, ಅತ್ತಿದ್ದು ಅವರೇ," ಎಂದು, ಅವರ ಕೆಲಸ ನೋಡಿ ಬರೆಯಲು ಬಂದಿರುವ ನನ್ನತ್ತ ತಿರುಗಿ ನಗುತ್ತಾರೆ.

ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕಲು ಹಿಡಿದ ಕೆಲಸವಿದು. ಹದಿನಾಲ್ಕು ಮಂದಿಯ ಹಾಸಿಗೆ ಬದಲಿಸಿ, ಮೈ ಒರೆಸಿ, ಮಾತ್ರೆ ನುಂಗಿಸುವಷ್ಟರಲ್ಲಿ ಮಂಡಿ ಹಿಡಿದುಕೊಳ್ಳುತ್ತದೆ. ಎಂಬತ್ತು ದಾಟಿದವರಿಗೂ ಇವರು ಅಕ್ಕನೇ. ಗುಂಡಿಗೆ ಎದೆಯೊಡ್ಡಿದವರಿಗೆ ಸಾವಿನ ಭಯ ಎಲ್ಲಿಯದು ಎಂದು ನಾನು ಕೇಳಿದರೆ ಅಕ್ಕ ತಲೆಯಾಡಿಸುತ್ತಾರೆ. "ಅಲ್ಲಿ ಹೆದರೋಕೆ ಪುರುಸೊತ್ತಿರಲಿಲ್ಲ. ಇಲ್ಲಿ ಪುರುಸೊತ್ತು ಬಿಟ್ಟು ಬೇರೇನಿದೆ?"

ಇಂದು ಕೊನೆಯ ಮಂಚ ಖಾಲಿ. ಅಲ್ಲಿ ಮಲಗಬೇಕಾದವರು ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದಾರೆ. ದಿನಾ ಬೆಳಗ್ಗೆ ಕಟ್ಟಡಕ್ಕೆಲ್ಲ ಕೇಳುವಂತೆ ಪ್ರಾರ್ಥನೆ ಹೇಳುತ್ತಿದ್ದುದರಿಂದ ಇವರಿಗೆ ಮೈಕ್ ಅಜ್ಜ ಎಂದೇ ಹೆಸರು. ಹೃದಯ ದುರ್ಬಲವಾಗಿದೆ ಎಂದು ವೈದ್ಯರು ಹೇಳಿದಂದಿನಿಂದ ಪ್ರಾರ್ಥನೆ ನಿಂತಿದೆ. ಮೂರು ರಾತ್ರಿಯಿಂದ ಮಲಗಿಯೂ ಇಲ್ಲ. ಹೀಗೇ ಆದರೆ ಆ ಹೃದಯ ತಡೆಯಲಿಕ್ಕಿಲ್ಲ ಎಂಬ ದಿಗಿಲು ಅಕ್ಕನಿಗೆ.

"ದೇವರ ಮೇಲೆ ಕೋಪಾನಾ ಅಜ್ಜಾ?"

"ಕೋಪ ಅಲ್ಲ ಅಕ್ಕ, ನಾಚಿಕೆ. ಯುದ್ಧದಲ್ಲಿ ನನ್ನ ಕಾವಲಿನ ಪಾಳಿ ಬಂದಾಗ ಮೈ ಸುಡೋ ಜ್ವರ. ಗೆಳೆಯ ನನ್ನ ಬದಲು ಹೋದ. ನಾನು ಮಲಗಿಕೊಂಡು, ದೇವರೇ ನನ್ನೊಬ್ಬನ್ನ ಉಳಿಸಪ್ಪಾ ಅಂತ ಬೇಡ್ಕೊಂಡೆ. ಉಳಿಸಿದ. ಗೆಳೆಯ ವಾಪಸ್ ಬರ್ಲಿಲ್ಲ. ಈಗ ಯಾವ ಮುಖ ಇಟ್ಕೊಂಡು ಬೇಡಲಿ? ಮೇಲೆ ಹೋದ್ರೆ ಅವನಿಗೆ ಏನಂತ ಹೇಳಲಿ? ಮಲಗೋಕೇ ಭಯ."

ಅಕ್ಕ ಉಪದೇಶಕ್ಕೆ ಕೈಹಾಕುವುದಿಲ್ಲ. "ಅವರು ಹೋಗುವಾಗ ಏನಂದ್ರು?" ಎಂದಷ್ಟೇ ಕೇಳುತ್ತಾರೆ.

ಅಜ್ಜ ಖಾಲಿ ಮಂಚದತ್ತ ನೋಡುತ್ತಾ ಹೇಳುತ್ತಾರೆ: "ನಾನಿದೀನಿ, ನೀನು ಮಲಕ್ಕೋ ಅಂದ."

"ಅವರ ಮಾತನ್ನಾದ್ರೂ ನಡೆಸಿಕೊಡಿ ಮತ್ತೆ. ಈಗ ಕಾವಲು ನಂದು."

ಅಕ್ಕ ಸ್ಟೂಲು ಎಳೆದು, ಬಾಗಿಲಿಗೆ ಮುಖ ಮಾಡಿ ಕೂರುತ್ತಾರೆ. ಉಳಿದ ಅಜ್ಜಂದಿರು ಗೊಣಗದೆ, ತಾವೇ ಕೆಟಲ್ ಹಿಡಿದು ಸದ್ದಿಲ್ಲದೆ ಚಹಾ ಹಂಚಿಕೊಳ್ಳುತ್ತಾರೆ. ಮೈಕ್ ಅಜ್ಜ ಮಂಚಕ್ಕೆ ಬಂದು ಅಡ್ಡಾಗುತ್ತಾರೆ. ತುಟಿ ಅಲ್ಲಾಡುತ್ತದೆ. ಈ ಸಲದ ಪ್ರಾರ್ಥನೆಯಲ್ಲಿ ಬೇಡಿಕೆಯಿಲ್ಲ, ಗೆಳೆಯನ ಹೆಸರು ಮಾತ್ರ. ಸ್ವಲ್ಪ ಹೊತ್ತಿಗೆಲ್ಲ ಗೊರಕೆ ಶುರುವಾಗುತ್ತದೆ, ಅದಕ್ಕೂ ಮೈಕ್ ಬೇಕಿಲ್ಲ. ಅಷ್ಟು ಹಳೆಯ ಭಯ ಒಂದು ಸ್ಟೂಲಿನ ಮುಂದೆ ಮಣಿದದ್ದನ್ನು ಕಣ್ಣಾರೆ ಕಂಡಿದ್ದೇನೆ.

ದೊಡ್ಡ ಕೆಲಸ ಮಾಡಿದಿರಿ ಎಂದು ನಾನು ಹೇಳಿದರೆ, ಅಕ್ಕ ಬಾಗಿಲಿನಿಂದ ಕಣ್ಣು ತೆಗೆಯದೆ ಪಿಸುಗುಡುತ್ತಾರೆ: "ಯುದ್ಧ ನೋಡಿದವರು ಯಾರನ್ನೂ ಸುಮ್ನೆ ನಂಬಿ ಮಲಗಲ್ಲ. ನನ್ನನ್ನ ನಂಬಿ ಮಲಗಿದ್ದಾರೆ."